ನೆರಳಿಗೆ ಸಂಬಳ ಕೊಡುವವರು ಯಾರು? 'ನೆರಳು ಕಂಪನಿ' ಕಳಿಸಿದವರಿಗೆ ಒಂದು ಉತ್ತರ

ನಮಸ್ಕಾರ,

ನಿಮ್ಮ 'ನೆರಳು ಕಂಪನಿ' ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ನಮಗೆ ಆಗುವುದಿಲ್ಲ. ಮೊದಲೇ ಹೇಳಿಬಿಟ್ಟರೆ ನಿಮಗೂ ನಿರಾಳ, ನನಗೂ ನಿರಾಳ. ಆದರೆ ಏಳನೇ ಅಧ್ಯಾಯದಲ್ಲಿ ಜೋರಾಗಿ ನಕ್ಕೆ. ಸಿನಿಮಾದವರನ್ನು ಗೇಲಿ ಮಾಡುವ ಹಸ್ತಪ್ರತಿಗಳು ನಮಗೆ ಬೇಕಾದಷ್ಟು ಬರುತ್ತವೆ, ನಗು ಬರುವುದು ಅಪರೂಪ. ಅದಕ್ಕೇ 'ಧನ್ಯವಾದ, ಸದ್ಯಕ್ಕೆ ಬೇಡ' ಅಂತ ಎರಡು ಸಾಲು ಬರೆದು ಮುಗಿಸುತ್ತಿಲ್ಲ.

ಈ ಉತ್ತರವನ್ನು ಬೇರೆ ಬರಹಗಾರರೂ ಓದಲಿ ಅಂತ ನೀವೇ ಒಪ್ಪಿದ್ದೀರಿ. ಅವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಮಂತ್ರವಿದ್ಯೆಗೆ ಬೇಡಿಕೆ ಇಳಿದುಹೋದ ಒಂದು ರಾಜ್ಯ. ಕೆಲಸ ಕಳೆದುಕೊಂಡ ಮಂತ್ರವಾದಿಯೊಬ್ಬ ಮನುಷ್ಯರ ನೆರಳನ್ನು ಹಿಡಿದು ಬಿಳಿ ಬಟ್ಟೆಯ ಮೇಲೆ ಕುಣಿಸುವ ಉಪಾಯ ಕಂಡುಹಿಡಿಯುತ್ತಾನೆ. ಜನ ದುಡ್ಡು ಕೊಟ್ಟು ನೋಡಲು ಬರುತ್ತಾರೆ. ದುಡ್ಡಿನ ವಾಸನೆ ಹಿಡಿದು ಬಹುತಲೆಯ ರಾಕ್ಷಸನೊಬ್ಬ ನಿರ್ಮಾಪಕನಾಗಿ ಬರುತ್ತಾನೆ. ಮಂತ್ರದ ಕಷಾಯ ಕುಡಿದ ಹುಡುಗಿ ಒಂದೇ ರಾತ್ರಿಯಲ್ಲಿ ತಾರೆಯಾಗುತ್ತಾಳೆ. ದೀಪ ಹೊತ್ತಿಸಲು ಡ್ರ್ಯಾಗನ್ ಇದೆ. ವಿಮರ್ಶಕರು ಹದ್ದುಗಳು. ಕೊನೆಗೆ ಎಲ್ಲ ಸುಟ್ಟುಹೋಗಿ, ಬೂದಿಯ ಮೇಲೆ ನಿಂತ ಮಂತ್ರವಾದಿ ಕಲೆ ದುಡ್ಡಿಗಿಂತ ದೊಡ್ಡದು ಅಂತ ಭಾಷಣ ಮಾಡುತ್ತಾನೆ.

ನನ್ನ ಮುಖ್ಯ ತಕರಾರು ಇದು: ನಿಮ್ಮ ಮಾಯೆ ವೇಷ ಮಾತ್ರ. ರಾಕ್ಷಸನ ತಲೆಗಳನ್ನು ತೆಗೆಯಿರಿ, ದುಡ್ಡಿನಾಸೆಯ ಮಾಮೂಲಿ ನಿರ್ಮಾಪಕ ಉಳಿಯುತ್ತಾನೆ. ಡ್ರ್ಯಾಗನ್ ಬದಲು ಒಬ್ಬ ಲೈಟ್ ಬಾಯ್‌ನನ್ನು ನಿಲ್ಲಿಸಿ, ಕಥೆಯ ಒಂದು ಸಾಲೂ ಅಲುಗಾಡುವುದಿಲ್ಲ. ಹಾಗಿದ್ದರೆ ಆ ಡ್ರ್ಯಾಗನ್ ಯಾಕೆ ಬೇಕು? ನಿರ್ಮಾಪಕ ಜಿಪುಣ, ನಾಯಕನಿಗೆ ಜಂಬ, ವಿಮರ್ಶಕನಿಗೆ ಹೊಟ್ಟೆಕಿಚ್ಚು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿರುವುದಕ್ಕೆ ಕೊಂಬು ಕಟ್ಟಿದರೆ ಓದುಗ ಮೊದಲ ಸಲ ಮುಗುಳ್ನಗುತ್ತಾನೆ. ಎರಡನೇ ಸಲ ಪುಟ ಹಾರಿಸುತ್ತಾನೆ.

ಏಳನೇ ಅಧ್ಯಾಯದಲ್ಲಿ ನೀವು ಮಾಡಿರುವ ಕೆಲಸವೇ ಬೇರೆ. ನಾಯಕನ ನೆರಳು ಕಂಪನಿಯ ಕಚೇರಿಗೆ ಬಂದು ಸಂಬಳ ಕೇಳುತ್ತದೆ. ಬಟ್ಟೆಯ ಮೇಲೆ ಕುಣಿದದ್ದು ತಾನು, ದುಡ್ಡು ಮಾತ್ರ ದೇಹಕ್ಕೆ ಹೋಗಿದೆ ಅನ್ನುವುದು ಅದರ ವಾದ. ಗುಮಾಸ್ತ ಮರ್ಯಾದೆಯಿಂದಲೇ ಸಹಿ ಹಾಕಿ ಅನ್ನುತ್ತಾನೆ. ಸಹಿ ಹಾಕಬೇಕೆಂದರೆ ನೆರಳು ಗೋಡೆಯ ಮೇಲೆ ಬೀಳಬೇಕು. ಬೀಳಬೇಕೆಂದರೆ ದೀಪ ಬೇಕು. ದೀಪದ ಎಣ್ಣೆಯ ಖರ್ಚು ನೆರಳಿನ ಲೆಕ್ಕಕ್ಕೇ ಬೀಳುತ್ತದೆ. ಸಹಿ ಮುಗಿಯುವ ಹೊತ್ತಿಗೆ ನೆರಳೇ ಕಂಪನಿಗೆ ಸಾಲಗಾರ! ಇಲ್ಲಿ ಮಾಯೆಯನ್ನು ತೆಗೆದರೆ ನಗುವೂ ಹೋಗುತ್ತದೆ, ಅಲ್ವಾ? ಯಾಕೆಂದರೆ ಸಿನಿಮಾ ವ್ಯವಹಾರದ ನಿಜವಾದ ಒಂದು ನಿಯಮವನ್ನೇ ನೀವು ಇಲ್ಲಿ ನಿಮ್ಮ ಲೋಕದ ಪ್ರಕೃತಿ ನಿಯಮ ಮಾಡಿದ್ದೀರಿ.

ನಿಮಗೆ ಗೊತ್ತಿದ್ದು ಬರೆದಿರೋ, ಗೊತ್ತಿಲ್ಲದೆ ಬರೆದಿರೋ, ಹೊರಗಿನ ಲೋಕದಲ್ಲಿ ಇದು ನಡೆದಿದೆ. ಅಮೆರಿಕದ ಹಾಸ್ಯ ಅಂಕಣಕಾರ ಆರ್ಟ್ ಬುಕ್‌ವಾಲ್ಡ್ ಒಂದು ಕಥೆಯ ಎಳೆಯನ್ನು ಪ್ಯಾರಮೌಂಟ್ ಕಂಪನಿಗೆ ಮಾರಿದ್ದರು. ಸಿನಿಮಾ ಆದರೆ ನಿವ್ವಳ ಲಾಭದಲ್ಲಿ ಪಾಲು ಅಂತ ಒಪ್ಪಂದ. 1988ರಲ್ಲಿ ಅದೇ ಕಂಪನಿಯ 'ಕಮಿಂಗ್ ಟು ಅಮೆರಿಕಾ' ಸಿನಿಮಾ ಬಂತು. ಅದು ತಮ್ಮ ಎಳೆಯೇ ಅಂತ ಬುಕ್‌ವಾಲ್ಡ್ ಕೋರ್ಟಿಗೆ ಹೋದರು, ಗೆದ್ದರು. ಪಾಲು ಕೇಳಿದಾಗ ಕಂಪನಿಯ ಲೆಕ್ಕ ಹೊರಬಂತು. ಪ್ರಪಂಚದಾದ್ಯಂತ 28 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿದ ಸಿನಿಮಾಕ್ಕೆ ನಿವ್ವಳ ಲಾಭವೇ ಇಲ್ಲ! 1990ರಲ್ಲಿ ನ್ಯಾಯಾಧೀಶರು ಆ ಲೆಕ್ಕದ ಸೂತ್ರವೇ ಅನ್ಯಾಯದ್ದು ಅಂದರು. ಈ ಜಾದೂ ಮಾಡಲು ರಾಕ್ಷಸ ಬೇಕಾಗಲಿಲ್ಲ. ಪೆನ್ನು ಹಿಡಿದ ಮರ್ಯಾದಸ್ಥರು ಸಾಕಾದರು.

ಹಾಗಾಗಿ ನಿಮ್ಮ ಗುಮಾಸ್ತನನ್ನು ದೊಡ್ಡವನನ್ನಾಗಿ ಮಾಡಿ. ಅವನು ಒಂದು ಅಧ್ಯಾಯಕ್ಕೆ ಬಂದು ಮಾಯವಾಗುವುದು ನಷ್ಟ. ಈ ಕಾದಂಬರಿಯ ನಿಜವಾದ ಮಂತ್ರವಾದಿ ಅವನೇ. ಅವನಿಗೆ ಕೋಪ ಬರುವುದಿಲ್ಲ, ಅವನು ಯಾರಿಗೂ ಮೋಸ ಮಾಡುತ್ತಿಲ್ಲ ಅಂತ ಪ್ರಾಮಾಣಿಕವಾಗಿ ನಂಬಿದ್ದಾನೆ. ಅದೇ ಅವನ ಭಯಂಕರ ಗುಣ. ನಿಮ್ಮ ಗರ್ಜಿಸುವ ನಿರ್ಮಾಪಕ ಅವನ ಮುಂದೆ ಪಾಪದ ಪ್ರಾಣಿ.

ಬಹುತಲೆಯ ಜೋಕು ಚೆನ್ನಾಗಿದೆ. ಒಂದೊಂದು ತಲೆಗೂ ಒಂದೊಂದು ಬೇರೆ ಕ್ಲೈಮ್ಯಾಕ್ಸ್ ಬೇಕು, ಎಲ್ಲಕ್ಕೂ ಹೊಟ್ಟೆ ಒಂದೇ. ಒಂದು ಪುಟಕ್ಕೆ ಸಾಕು. ನೀವು ಪುಸ್ತಕದ ಮಧ್ಯಭಾಗವನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟಿದ್ದೀರಿ.

ಈಗ ಡ್ರ್ಯಾಗನ್ ವಿಷಯ. ಬೆಂಕಿ ಬೇಕಾದರೆ ಸಿನಿಮಾದ ಇತಿಹಾಸವೇ ನಿಮಗೆ ಧಾರಾಳವಾಗಿ ಕೊಡುತ್ತದೆ. 1950ರ ದಶಕದ ಆರಂಭದವರೆಗೂ ಥಿಯೇಟರ್‌ಗಳಲ್ಲಿ ಓಡುತ್ತಿದ್ದ ಫಿಲ್ಮ್‌ನಲ್ಲಿ ಹೆಚ್ಚಿನದು ನೈಟ್ರೇಟ್ ಫಿಲ್ಮ್. ಸಿಡಿಮದ್ದಾಗಿ ಬಳಸುತ್ತಿದ್ದ ಗನ್‌ಕಾಟನ್‌ಗೆ ಹತ್ತಿರದ ನೆಂಟ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಹಾಗಾಗಿ ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಪ್ರೊಜೆಕ್ಟರ್ ಕೋಣೆಗೆ ಬೆಂಕಿ ತಡೆಯುವ ಗೋಡೆ ಕಟ್ಟುತ್ತಿದ್ದರು. ಬೆಂಕಿ ಬಿದ್ದರೆ ಕಿಂಡಿಗಳ ಮೇಲೆ ತಾನಾಗಿ ಬೀಳುವ ಲೋಹದ ಮುಚ್ಚಳ ಇಡುತ್ತಿದ್ದರು. ಪ್ರೇಕ್ಷಕರು ಉಳಿಯಲಿ ಅಂತ ಮಾಡಿದ ಏರ್ಪಾಡು. ಒಳಗೆ ರೀಲು ಓಡಿಸುವವನ ಗತಿ? ನಿಮ್ಮ ಗುಮಾಸ್ತನನ್ನು ಕೇಳಿ, ಆ ಮುಚ್ಚಳದ ಖರ್ಚನ್ನು ಯಾರ ಲೆಕ್ಕಕ್ಕೆ ಹಾಕಿದ್ದಾನೆ ಅಂತ.

ಡ್ರ್ಯಾಗನ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ನಿಮ್ಮ ಲೋಕದ ಫಿಲ್ಮ್ ಆಗಲಿ. ನೆರಳು ನಿಲ್ಲುವುದು ಡ್ರ್ಯಾಗನ್‌ನ ಚರ್ಮದ ಮೇಲೆ ಮಾತ್ರ ಅಂತಿರಲಿ, ಆ ಚರ್ಮ ಸತ್ತ ಮೇಲೂ ಉಸಿರಾಡುತ್ತದೆ ಅಂತಿರಲಿ. ಆಗ ಪ್ರತಿ ಪ್ರದರ್ಶನವೂ ಅಪಾಯ, ಪ್ರತಿ ರೀಲಿಗೂ ಒಂದು ಬೇಟೆ, ಬೇಟೆಗೊಂದು ಖರ್ಚಿನ ಬಿಲ್. ಕಥೆ ತಾನಾಗಿ ಓಡಲು ಶುರುವಾಗುತ್ತದೆ.

ತಾರೆಯ ಕಷಾಯವನ್ನು ಚರಂಡಿಗೆ ಚೆಲ್ಲಿ. ಖ್ಯಾತಿ ತರುವ ಔಷಧಿ ತೀರಾ ಸುಲಭದ ದಾರಿ. ಮೂಕಿ ಚಿತ್ರಗಳ ಶುರುವಿನ ದಿನಗಳಲ್ಲಿ ಅಮೆರಿಕದ ಬಯೋಗ್ರಾಫ್ ಸಿನಿಮಾ ಕಂಪನಿ ತನ್ನ ನಟರ ಹೆಸರನ್ನೇ ಹಾಕುತ್ತಿರಲಿಲ್ಲ. ಫ್ಲಾರೆನ್ಸ್ ಲಾರೆನ್ಸ್ ಅನ್ನುವ ನಟಿ ಜನರ ಬಾಯಲ್ಲಿ ಬರೀ 'ಬಯೋಗ್ರಾಫ್ ಹುಡುಗಿ'. ಕಾರ್ಲ್ ಲೆಮ್ಲೆ ಅನ್ನುವ ಇನ್ನೊಬ್ಬ ನಿರ್ಮಾಪಕ ಅವಳನ್ನು ತನ್ನ ಕಂಪನಿಗೆ ಕರೆದುಕೊಂಡ. 1910ರಲ್ಲಿ ಆಕೆ ಅಪಘಾತದಲ್ಲಿ ಸತ್ತಳು ಅಂತ ಸುದ್ದಿ ಹಬ್ಬಿತು. ಆಮೇಲೆ ಲೆಮ್ಲೆ ಕಂಪನಿಯ ಜಾಹೀರಾತು ಬಂತು: ಇದು ವೈರಿಗಳು ಹಬ್ಬಿಸಿದ ಸುಳ್ಳು, ಆಕೆ ಆರಾಮವಾಗಿದ್ದಾಳೆ, ಮುಂದಿನ ಚಿತ್ರ ಇಂಥದ್ದು. ಸುದ್ದಿ ಹಬ್ಬಿಸಿದ್ದೂ ಲೆಮ್ಲೆ ಕಡೆಯವರೇ ಅಂತ ಸಿನಿಮಾ ಚರಿತ್ರೆ ಬರೆದವರು ಸಾಮಾನ್ಯವಾಗಿ ಹೇಳುತ್ತಾರೆ. ಹೆಸರಿಲ್ಲದವಳಿಗೆ ಹೆಸರು ಬಂದದ್ದು ಸಾವಿನ ಸುದ್ದಿಯಿಂದ. ಇದನ್ನು ನಿಮ್ಮ ಲೋಕಕ್ಕೆ ತನ್ನಿ. ಅಲ್ಲಿ ಸತ್ತವರು ನಿಜವಾಗಿಯೂ ವಾಪಸ್ ಬರಬಹುದು ತಾನೇ? ಹಾಗಾದರೆ ತಾರೆಯಾಗಬೇಕೆಂದರೆ ಸಾಯಲೇಬೇಕು ಅನ್ನುವುದು ಒಪ್ಪಂದದ ಒಂದು ಷರತ್ತು. ಕಾಲ್‌ಶೀಟ್‌ನಲ್ಲಿ ತಾರೀಕಿನ ಸಮೇತ. ನಿಮ್ಮ ಹುಡುಗಿಗೆ ಆಗ ಒಂದು ನಿಜವಾದ ತೀರ್ಮಾನ ಎದುರಾಗುತ್ತದೆ. ಈಗ ಅವಳು ಕಷಾಯ ಕುಡಿದು ಸೀರೆ ಬದಲಿಸುವುದು ಬಿಟ್ಟರೆ ಬೇರೇನೂ ಮಾಡುತ್ತಿಲ್ಲ.

ಇನ್ನೊಂದು ಇದೆ. ಇದು ನನಗೆ ಬಹಳ ದಿನದಿಂದ ಇಷ್ಟವಾದ ವಿಷಯ, ಆದ್ದರಿಂದ ಸ್ವಲ್ಪ ಸಹಿಸಿಕೊಳ್ಳಿ. ಹಳೆಯ ಫಿಲ್ಮ್ ಪ್ರೊಜೆಕ್ಟರ್‌ನಲ್ಲಿ ಸೆಕೆಂಡಿಗೆ 24 ಚಿತ್ರ ಸರಿಯುತ್ತವೆ. ಒಂದು ಚಿತ್ರ ಕೆಳಗಿಳಿದು ಇನ್ನೊಂದು ಬಂದು ನಿಲ್ಲುವಾಗ ಶಟರ್ ಬೆಳಕನ್ನು ಮುಚ್ಚುತ್ತದೆ. ಮಿಣುಕು ಕಾಣದಿರಲಿ ಅಂತ ಪ್ರತಿ ಚಿತ್ರ ನಿಂತಿರುವಾಗಲೂ ನಡುವೆ ಇನ್ನೊಮ್ಮೆ ಮುಚ್ಚುತ್ತದೆ. ಲೆಕ್ಕ ಹಾಕಿದರೆ ಸುಮಾರು ಅರ್ಧ ಹೊತ್ತು ಪರದೆ ಪೂರ್ತಿ ಕತ್ತಲು. ಎರಡು ಗಂಟೆಯ ಸಿನಿಮಾ ನೋಡಿ ಬಂದವರು ಹೆಚ್ಚುಕಮ್ಮಿ ಒಂದು ಗಂಟೆ ಏನನ್ನೂ ನೋಡಿರುವುದಿಲ್ಲ. ಅದು ಅವರಿಗೆ ಗೊತ್ತೂ ಆಗುವುದಿಲ್ಲ.

ನಿಮ್ಮ ಹಸ್ತಪ್ರತಿಯಲ್ಲಿ ಯಂತ್ರದೊಳಗೆ ಒಂದು ದೆವ್ವ ಇದೆ. ಅದು ಸುಮ್ನೆ ಊಳಿಡುತ್ತದೆ. ಅದನ್ನು ಈ ಕತ್ತಲಲ್ಲಿ ಕೂರಿಸಿ. ಪ್ರದರ್ಶನದ ಅರ್ಧ ಭಾಗ ತನ್ನದು ಅಂತ ಅದು ಟಿಕೆಟ್ ದುಡ್ಡಿನಲ್ಲಿ ಅರ್ಧ ಕೇಳಲಿ. ಗುಮಾಸ್ತ ಅದಕ್ಕೂ ನಿವ್ವಳ ಲಾಭದ ಪಾಲು ಬರೆದುಕೊಡಲಿ. ಲೆಕ್ಕ ಓದಲು ಬಾರದ ದೆವ್ವ, ಸಹಿ ಹಾಕಿದ ಮೇಲೆ ಓದಲು ಕಲಿಯುತ್ತದೆ. ಅಲ್ಲಿಂದ ಮುಂದೆ ನಿಮಗೆ ಖಳನಾಯಕ ಬೇಕಾಗಿಲ್ಲ. ಇದು ನನ್ನ ಕಲ್ಪನೆ, ಹಿಡಿಸದಿದ್ದರೆ ಬಿಡಿ. ಇದಕ್ಕಿಂತ ಒಳ್ಳೆಯದು ನಿಮಗೇ ಹೊಳೆಯಬಹುದು. ಆದರೆ ಏನೇ ತಂದರೂ ಅದು ಈ ವ್ಯವಹಾರದ ಒಳಗಿನಿಂದ ಹುಟ್ಟಿರಲಿ.

ವಿಮರ್ಶಕ ಹದ್ದುಗಳನ್ನು ಪೂರ್ತಿ ತೆಗೆಯಿರಿ. ಚರ್ಚೆ ಬೇಡ.

ಹೆಸರುಗಳನ್ನೂ ಬದಲಿಸಿ. ನಿಜವಾದ ನಟರ ಹೆಸರನ್ನು ಒಂದಕ್ಷರ ತಿರುಚಿ ಇಟ್ಟಿದ್ದೀರಿ. ವಕೀಲರ ತಲೆನೋವು ಹಾಗಿರಲಿ, ಓದುಗ ಪ್ರತಿ ಸಲವೂ ಇದು ಯಾರು ಅಂತ ಊಹಿಸುವ ಆಟಕ್ಕೆ ಹೋಗುತ್ತಾನೆ. ನಿಮ್ಮ ಪಾತ್ರ ಅಲ್ಲೇ ಸಾಯುತ್ತದೆ.

ಮಾತಿನ ಬಗ್ಗೆ. ನಿಮ್ಮಲ್ಲಿ ರಾಜ, ಮಂತ್ರವಾದಿ, ರೀಲು ಸುತ್ತುವ ಹುಡುಗ, ಎಲ್ಲರೂ 'ಎಲೈ ಮೂಢನೇ' ಅಂತಲೇ ಶುರು ಮಾಡುತ್ತಾರೆ. ಎಲ್ಲರೂ ನಾಟಕದ ಕನ್ನಡ ಮಾತಾಡಿದರೆ ಅದು ಯಾರ ಬಾಯಲ್ಲೂ ತಮಾಷೆಯಾಗುವುದಿಲ್ಲ. ಮಂತ್ರವಾದಿ ಹಾಗೆ ಮಾತಾಡಲಿ. 'ಪಾತಾಳದ ಸಕಲ ಭೂತಗಳೇ, ಏಳಿ' ಅಂತ ಅವನು ಕೂಗಿದಾಗ ಗುಮಾಸ್ತ ತಲೆ ಎತ್ತದೆ 'ಎಷ್ಟು ಜನ ಸಾರ್? ಊಟದ ಲೆಕ್ಕ ಬರ್ಕೊಬೇಕು' ಅನ್ನಲಿ. ಎರಡು ಕನ್ನಡಗಳು ಡಿಕ್ಕಿ ಹೊಡೆದಾಗ ನಗು ಬರುತ್ತದೆ. ಆಮೇಲೆ 'ಎಲ್ಲರೂ ಗೊಳ್ಳೆಂದು ನಕ್ಕರು' ಅನ್ನುವ ಸಾಲುಗಳಿವೆಯಲ್ಲ, ಅವನ್ನೆಲ್ಲ ಹುಡುಕಿ ಅಳಿಸಿ. ಪಾತ್ರಗಳು ನಕ್ಕಷ್ಟೂ ಓದುಗ ಬಿಗಿಯಾಗುತ್ತಾನೆ. ಗುಮಾಸ್ತನಿಗೆ ಎಲ್ಲವೂ ಗಂಭೀರ ವಿಷಯವೇ ಆಗಿರಬೇಕು.

ಕೊನೆಯ ಭಾಷಣ ಬೇಡವೇ ಬೇಡ. ಅಷ್ಟು ಪುಟ ನಗಿಸಿ ಆಮೇಲೆ ಪಾಠ ಹೇಳಿದರೆ ಓದುಗನಿಗೆ ಮೋಸ ಹೋದ ಹಾಗಾಗುತ್ತದೆ. ಬೆಂಕಿಯ ಅಂತ್ಯವೂ ಸುಲಭದ್ದೇ. ಸಿನಿಮಾದಲ್ಲಿ ಮಾಯಾಜಾಲದ ತಂತ್ರಗಳಿಗೆ ದಾರಿ ಹಾಕಿದ ಜಾರ್ಜ್ ಮೆಲಿಯೆಸ್ ಗೊತ್ತಲ್ಲ? ಮೊದಲನೇ ಮಹಾಯುದ್ಧದ ಕಾಲದಲ್ಲಿ ಫ್ರೆಂಚ್ ಸೇನೆ ಅವರ ಚಿತ್ರಗಳ ಪ್ರತಿಗಳನ್ನು ವಶಕ್ಕೆ ತೆಗೆದುಕೊಂಡು ಕರಗಿಸಿತು. ಫಿಲ್ಮ್‌ನಲ್ಲಿದ್ದ ಬೆಳ್ಳಿಯನ್ನು ಬೇರೆ ಮಾಡಿಕೊಂಡರು, ಸೆಲ್ಯುಲಾಯ್ಡ್‌ನಿಂದ ಬೂಟಿನ ಹಿಮ್ಮಡಿ ಮಾಡಿದರು. ಸಿನಿಮಾದಲ್ಲಿ ಚಂದ್ರಲೋಕಕ್ಕೆ ಹೋಗಿಬಂದ ಜಾದೂಗಾರನ ಕೆಲಸ ಯಾರದೋ ಕಾಲಡಿ ಸೇರಿತು. ಅದರ ಮುಂದೆ ನಿಮ್ಮ ಬೂದಿ, ಭಾಷಣ ಎರಡೂ ಸಪ್ಪೆ. ನಿಮ್ಮ ಕಂಪನಿ ಮುಚ್ಚುವಾಗ ಹಿಡಿದಿಟ್ಟ ನೆರಳುಗಳು ಏನಾಗುತ್ತವೆ? ಅವನ್ನು ಹರಾಜಿನಲ್ಲಿ ಕೊಳ್ಳುವವರು ಯಾರು, ಯಾವ ಕೆಲಸಕ್ಕೆ? ನೀವು ಇದನ್ನು ಎಲ್ಲೂ ಯೋಚಿಸಿಲ್ಲ. ಅಂತ್ಯ ಅಲ್ಲಿ ಸಿಗಬಹುದು ಅಂತ ನನ್ನ ಊಹೆ.

ಇಡೀ ಕಾದಂಬರಿಯನ್ನು ತಿದ್ದಿ ಈಗಲೇ ಕಳಿಸಬೇಡಿ. ಏಳನೇ ಅಧ್ಯಾಯವನ್ನು ಮೊದಲನೆಯದಾಗಿ ಮಾಡಿ, ಅದಾದ ಮೇಲೆ ಬರುವ ಇನ್ನೆರಡು ಅಧ್ಯಾಯ ಬರೆಯಿರಿ. ಜೊತೆಗೆ ಗುಮಾಸ್ತನ ಲೆಕ್ಕದ ಪುಸ್ತಕದ ಒಂದು ಪುಟ ಬರೆದು ಕಳಿಸಿ. ಯಾರಿಗೆ ಎಷ್ಟು, ಯಾವ ಬಾಬ್ತು, ಯಾರ ಲೆಕ್ಕದಿಂದ ಕಳೆದದ್ದು, ಎಲ್ಲ ಇರಲಿ. ಆ ಪುಟ ಕಾದಂಬರಿಯಲ್ಲಿ ಬರದಿದ್ದರೂ ಪರವಾಗಿಲ್ಲ, ಆದರೆ ಅದನ್ನು ಬರೆಯಲು ಆಗದಿದ್ದರೆ ಈ ಲೋಕ ನಿಮಗೇ ಇನ್ನೂ ಗೊತ್ತಿಲ್ಲ ಅಂತ ಅರ್ಥ. ಯೂನಿಕೋಡ್‌ನಲ್ಲಿ ಕಳಿಸಿ, ಹೋದ ಸಲದ ಫೈಲಿನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಅವಸರ ಇಲ್ಲ. ಮೇಲ್‌ನ ವಿಷಯದ ಸಾಲಿನಲ್ಲಿ ಕಾದಂಬರಿಯ ಹೆಸರು ಹಾಕಿ, ಹೊಸ ಹಸ್ತಪ್ರತಿಗಳ ಸಾಲಿಗೆ ಸೇರಿಸದೆ ನಾನೇ ತೆಗೆದು ಓದುತ್ತೇನೆ.