ಒಂದು ಪತ್ರಿಕೆಯಿಂದ ಇನ್ನೊಂದು ಪತ್ರಿಕೆವರೆಗೆ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ನಟೋರಿಯಸ್ ಬಿ.ಐ.ಜಿ. ಎಂಬ ಅಮೆರಿಕದ ರ‍್ಯಾಪರ್‌ನ ‘ಜೂಸಿ’ ಹಾಡಿಗೆ ಎರಡು ಪುಟ ಕೊಟ್ಟಿದ್ದೀರಿ. ನನ್ನ ಮೊಮ್ಮಗ ದಿನವೂ ಅದನ್ನೇ ಹಾಕುತ್ತಾನೆ. ಡ್ರಗ್ಸ್ ಮಾರಿದವನು ಕಾರು, ಸೋಫಾ ಎಂದು ಕೊಚ್ಚಿಕೊಳ್ಳುವುದು ಯಾವ ಆದರ್ಶ? ಶುರುವಿನಲ್ಲೇ ಮೇಷ್ಟ್ರುಗಳನ್ನು ಹಂಗಿಸುತ್ತಾನೆ. ಒಂದೇ ಕೋಣೆಯ ಗುಡಿಸಲಿನಲ್ಲಿ ಬೆಳೆದೆ ಎಂಬುದನ್ನು ಅವನ ತಾಯಿಯೇ ಒಪ್ಪಲಿಲ್ಲವಂತೆ. ಮೂವತ್ತನಾಲ್ಕು ವರ್ಷ ಪಾಠ ಮಾಡಿದ ನನಗೆ ಬೇಸರವಾಯಿತು.” — ನಿವೃತ್ತ ಮುಖ್ಯೋಪಾಧ್ಯಾಯರು, ತಿಪಟೂರು

ಮೇಷ್ಟ್ರೇ, ನಮಸ್ಕಾರ. ನೀವು ಹೇಳಿದ್ರಲ್ಲಿ ಸರಿ ಇರೋದನ್ನ ಮೊದ್ಲೇ ಒಪ್ಕೊಂಡ್ಬಿಡ್ತೀನಿ. ಕ್ರ್ಯಾಕ್ ಅನ್ನೋ ಡ್ರಗ್ ಮಾರಿದ್ದು ತಪ್ಪೇ, ಅದಕ್ಕೆ ಅವ್ನು ನಾರ್ತ್ ಕೆರೊಲಿನಾದಲ್ಲಿ ಜೈಲಿಗೂ ಹೋಗ್ಬಂದ. ಆ ವಿಷ ತಗೊಂಡು ಹಾಳಾದ ಮನೆಗಳು ನ್ಯೂಯಾರ್ಕಿನ ಅವ್ನ ಬ್ರೂಕ್ಲಿನ್‌ನಲ್ಲೇ ಬೇಕಾದಷ್ಟಿದ್ವು, ಅವ್ರ ಪಾಡು ಈ ಹಾಡಲ್ಲಿಲ್ಲ. ಆಯ್ತು.

ಆದ್ರೆ ನೀವು ಈ ಹಾಡನ್ನ ಮೊಮ್ಮಗನ ರೂಮಿನ ಬಾಗಿಲಾಚೆ ನಿಂತು ಕೇಳಿದೀರಿ ಅನ್ಸುತ್ತೆ, ಒಳಗೆ ಹೋಗಿ ಅವ್ನ ಪಕ್ಕ ಕೂತು ಕೇಳಿಲ್ಲ. ಕೂತಿದ್ರೆ ನಿಮ್ಮಂಥ ಓದಿದೋರ ಕಿವಿಗೆ ಒಂದು ವಿಷಯ ಬೀಳ್ದೇ ಇರ್ತಿರ್ಲಿಲ್ಲ. ನೀನು ಯಾವತ್ತೂ ಉದ್ಧಾರ ಆಗಲ್ಲ ಅಂದ ಟೀಚರ್‌ಗಳಿಗೆ ಈ ಆಲ್ಬಮ್ ಅರ್ಪಣೆ ಅಂತ ಹೇಳಿ ಮುಗಿಸಿದ್ಮೇಲೆ, ಅವ್ನು ತನ್ನ ಬಾಲ್ಯದ ಬಗ್ಗೆ ಹೇಳೋ ಮೊಟ್ಟಮೊದಲನೇ ಸಂಗತಿ ಯಾವ್ದು ಗೊತ್ತಾ, ತಾನು ‘ವರ್ಡ್ ಅಪ್!’ ಅನ್ನೋ ಪತ್ರಿಕೆ ಓದ್ತಿದ್ದೆ ಅನ್ನೋದು! ಅದ್ರಲ್ಲಿ ಬರ್ತಿದ್ದ ಹಾಡುಗಾರರ ಫೋಟೋ ಗೋಡೆಗೆ ಹಾಕ್ಕೋತಿದ್ದೆ, ಶನಿವಾರ ರೇಡಿಯೋದಲ್ಲಿ ಮಿಸ್ಟರ್ ಮ್ಯಾಜಿಕ್, ಮಾರ್ಲಿ ಮಾರ್ಲ್ ನಡೆಸೋ ರ‍್ಯಾಪ್ ಕಾರ್ಯಕ್ರಮ ಕೇಳ್ತಿದ್ದೆ, ಟೇಪು ಸವೆಯೋವರೆಗೂ ಹಾಕ್ತಿದ್ದೆ ಅಂತಾನೆ. ಬಂದೂಕು ಆಮೇಲೆ, ಕಾರು ಆಮೇಲೆ, ಮೊದ್ಲು ಪತ್ರಿಕೆ. ಇಷ್ಟು ವರ್ಷ ಪ್ರೂಫ್ ತಿದ್ಕೊಂಡು ಕೂತಿರೋ ನಂಗೆ ಆ ಸಾಲು ಬಂದಾಗೆಲ್ಲ ಮೈ ಜುಂ ಅನ್ನುತ್ತೆ.

ಕಥೆ ಇಲ್ಲಿಗೆ ಮುಗಿಯಲ್ಲ. 1972ರಲ್ಲಿ ಹುಟ್ಟಿದ ಈ ಹುಡ್ಗ, ನಿಜವಾದ ಹೆಸ್ರು ಕ್ರಿಸ್ಟೋಫರ್ ವಾಲೆಸ್, ಎಲ್ರೂ ಕರೆಯೋದು ಬಿಗ್ಗಿ ಅಂತ, ಹದಿನೇಳಕ್ಕೇ ಹೈಸ್ಕೂಲ್ ಬಿಟ್ಟ. ಬೀದೀಲಿ ಪರಿಚಯದ ಡಿಜೆ ಒಬ್ಬನ ಮನೇಲಿ ಒಂದು ಟೇಪ್ ಮಾಡ್ಕೊಂಡ, ಅದು ಕೈಯಿಂದ ಕೈಗೆ ಹೋಗಿ ‘ದಿ ಸೋರ್ಸ್’ ಅನ್ನೋ ಪತ್ರಿಕೆ ತಲುಪ್ತು. ಆ ಪತ್ರಿಕೇಲಿ ಯಾವ ಕಂಪನಿಯೂ ಸೇರಿಸ್ಕೊಳ್ಳದ ಹುಡುಗರಿಗೇ ಅಂತ ಒಂದು ಅಂಕಣ ಇತ್ತು. 1992ರ ಮಾರ್ಚ್ ಸಂಚಿಕೇಲಿ ಅಲ್ಲಿ ಇವ್ನ ಬಗ್ಗೆ ಬಂತು, ಅಲ್ಲಿಂದಲೇ ಆ ಟೇಪು ಒಂದು ಮ್ಯೂಸಿಕ್ ಕಂಪನಿಯವ್ರ ಕೈ ಸೇರ್ತು. 1994ರ ಆಗಸ್ಟ್‌ನಲ್ಲಿ ‘ಜೂಸಿ’ ಬಂದಾಗ ವಯಸ್ಸು ಇಪ್ಪತ್ತೆರಡು. ಅದೇ ಹಾಡಿನ ಮೂರನೇ ಚರಣದಲ್ಲಿ, ‘ದಿ ಸೋರ್ಸ್’ನಲ್ಲಿ ನನ್ನ ಮುಖ ಬಂದಾಗೆಲ್ಲ ಅಮ್ಮ ನಗ್ತಾಳೆ ಅಂತ ಹಾಡ್ತಾನೆ. ಒಂದು ಪತ್ರಿಕೆ ಓದ್ತಾ ಶುರುವಾದ ಹುಡ್ಗ ಇನ್ನೊಂದು ಪತ್ರಿಕೇಲಿ ತಾಯಿ ಕಣ್ಣಿಗೆ ಬೀಳೋ ಹೊತ್ತಿಗೆ ದೊಡ್ಡೋನಾಗಿದಾನೆ, ನಂಗೆ ಈ ಹಾಡು ಅಂದ್ರೆ ಅದು. 2019ರಲ್ಲಿ ಬಿಬಿಸಿಯವ್ರು ವಿಮರ್ಶಕರನ್ನೆಲ್ಲ ಕೇಳಿ ಇದನ್ನೇ ಹಿಪ್‌ಹಾಪ್‌ನ ಅತಿ ಶ್ರೇಷ್ಠ ಹಾಡು ಅಂತ ಆರಿಸಿದ್ರು, ಅವ್ರ ಕಾರಣ ಬೇರೆ ಇರಬಹುದು.

ಈಗ ಸುಳ್ಳಿನ ವಿಷ್ಯ. ತಾಯಿ ವೊಲೆಟ್ಟಾ ವಾಲೆಸ್ ಆ ಗುಡಿಸಲಿನ ಸಾಲನ್ನ ಒಪ್ಪಲಿಲ್ಲ, ಅದು ನಿಜ. ಒಪ್ಪೋದಾದ್ರೂ ಹೇಗೆ ಹೇಳಿ? ಜಮೈಕಾದಿಂದ ಬಂದ ಹೆಂಗಸು, ಮಗೂಗೆ ಎರಡು ವರ್ಷ ಇದ್ದಾಗ ಗಂಡ ಬಿಟ್ಟುಹೋದ, ಒಂದೇ ಮಗನ್ನ ಎರಡೆರಡು ಕಡೆ ದುಡಿದು ಸಾಕಿದ್ರು. ಆಯಮ್ಮ ಏನು ಕೆಲ್ಸ ಮಾಡ್ತಿದ್ರು ಗೊತ್ತಾ ಮೇಷ್ಟ್ರೇ, ಚಿಕ್ಕ ಮಕ್ಕಳಿಗೆ ಪಾಠ! ನಿಮ್ಮ ಜಾತಿಯೋರೇ. ಟೀಚರ್‌ಗಳ ಮೇಲೆ ಸಿಟ್ಟಾಗಿದ್ದ ಹುಡ್ಗನ್ನ ಹೊತ್ತು ಹೆತ್ತು ಬೆಳೆಸಿದ್ದೂ ಒಬ್ಬ ಟೀಚರ್ರೇ.

ಇದು ನಂಗೆ ಅರ್ಥ ಆಗೋಕೆ ಕಾರಣ ಇದೆ. ಒಂಬತ್ತನೇ ಕ್ಲಾಸಲ್ಲಿ ಒಂದು ಪದ್ಯ ಬರ್ದು ಪತ್ರಿಕೆಯೊಂದರ ಮಕ್ಕಳ ಪುಟಕ್ಕೆ ಕಳ್ಸಿದ್ದೆ, ಅದ್ರಲ್ಲಿ “ಸೋರುವ ನಮ್ಮ ಗುಡಿಸಲು” ಅಂತ ಬರ್ದಿದ್ದೆ. ನಮ್ಮದು ಹೆಂಚಿನ ಮನೆ. ಮಳೆಗಾಲದಲ್ಲಿ ದೇವರ ಗೂಡಿನ ಪಕ್ಕ ಒಂದೇ ಕಡೆ ಸೋರ್ತಿತ್ತು, ಅಲ್ಲೊಂದು ಅಲ್ಯೂಮಿನಿಯಂ ಬೋಸಿ ಇಟ್ಟಿರ್ತಿದ್ರು, ರಾತ್ರಿಯೆಲ್ಲ ಅದು ಟಣ್ ಟಣ್ ಅನ್ನೋದು, ತುಂಬ್ತಾ ತುಂಬ್ತಾ ಸದ್ದು ಬದಲಾಗೋದು, ನಾನು ನಿದ್ದೆ ಇಲ್ದೇ ಎಣಿಸ್ತಾ ಮಲಗಿರ್ತಿದ್ದೆ. ನಂಗೆ ಆ ಇಡೀ ಮನೆ ಸೋರ್ತಾ ಇತ್ತು. ಪದ್ಯ ಅಚ್ಚಾಗಿ ಬಂದ ದಿನ ಅಮ್ಮ ಓದಿ ಪತ್ರಿಕೆ ಕೆಳಗಿಟ್ಟು, “ಒಡವೆ ಅಡ ಇಟ್ಟು ಹೆಂಚು ಹಾಕ್ಸಿದ್ದು ನಿಂಗೆ ಗೊತ್ತಿಲ್ವೇನೋ?” ಅಂದ್ಳು. ಮೂರು ದಿನ ಮಾತಾಡ್ಲಿಲ್ಲ. ನಾಲ್ಕನೇ ದಿನ ಅದೇ ಪತ್ರಿಕೆ ಸೆರಗಲ್ಲಿ ಮುಚ್ಕೊಂಡು ಪಕ್ಕದ್ಮನೆಗೆ ತೋರ್ಸೋಕೆ ಹೋದ್ಲು. ನಾನು ಸುಳ್ಳು ಬರ್ದಿದ್ನಾ? ಅಮ್ಮನ್ನ ಕೇಳಿದ್ರೆ ಹೌದು. ಬೋಸೀನ ಕೇಳಿದ್ರೆ ಇಲ್ಲ. ಬಿಗ್ಗಿ ‘ಜೂಸಿ’ ಹಾಡಲ್ಲೇ ಮನೆ ಓನರ್ ಬೈತಿದ್ದ, ಚಳಿಗಾಲದಲ್ಲಿ ಹೀಟರ್ ಇರ್ಲಿಲ್ಲ, ಹುಟ್ಟಿದಬ್ಬ ಬಂದ್ರೆ ಅದಕ್ಕಿಂತ ಕೆಟ್ಟ ದಿನ ಇಲ್ಲ ಅಂತಾನಲ್ಲ, ನ್ಯೂಯಾರ್ಕ್ ಜನವರಿ ಚಳೀಲಿ ನಡುಗಿದ ಮಗು ರೂಮೆಷ್ಟಿದ್ವು ಅಂತ ಎಣಿಸ್ಕೊಂಡಿರುತ್ತಾ?

ಇಲ್ಲಿಂದ ನನ್ನ ಸಂಕಟ ಬೇರೆ ಕಡೆ ಹೋಗುತ್ತೆ, ಕ್ಷಮಿಸಿ. ಕಷ್ಟದಿಂದ ಬಂದ ಮಕ್ಕಳು ಹಾಡಿದ್ರೆ ಮಾತ್ರ ನಾವು ಪುರಾವೆ ಕೇಳ್ತೀವಿ. ಟೀವಿ ರಿಯಾಲಿಟಿ ಶೋ ನೋಡಿ, ಹುಡುಗಿ ಬಾಯಿ ತೆಗೆಯೋಕೆ ಮುಂಚೆ ಅವ್ಳ ಮನೆ ಶೀಟು, ಸೌದೆ ಒಲೆ, ಅಳೋ ತಾಯಿ, ಎಲ್ಲ ತೋರ್ಸಿ ಹಿಂದೆ ಪಿಟೀಲು ಹಾಕ್ತಾರೆ, ಅವ್ಳ ಶ್ರುತಿ ಬಗ್ಗೆ ಎರಡು ಮಾತು ಆಡೋಕೆ ಯಾರಿಗೂ ಪುರುಸೊತ್ತಿಲ್ಲ. ಅತ್ತ ಪತ್ರಿಕೆಗಳಲ್ಲಿ ಮಕ್ಕಳ ಪುಟ, ಹೊಸಬರ ಪುಟ ಒಂದೊಂದೇ ಹೋಗ್ತಾ ಇವೆ, ನಾನೂ ನಾಲ್ಕು ವರ್ಷದ ಹಿಂದೆ ಪೇಪರ್ ರೇಟ್ ಜಾಸ್ತಿ ಆಯ್ತು ಅಂತ ತೆಗೆದೆ, ಅದು ನಾನು ಮಾಡಿದ ತಪ್ಪು. ಬಿಗ್ಗಿ ಇದ್ದ ಬೀದೀಲೇ ಡೊನಾಲ್ಡ್ ಹ್ಯಾರಿಸನ್ ಅನ್ನೋ ಜಾಜ್ ಸ್ಯಾಕ್ಸೋಫೋನ್ ವಾದಕರಿದ್ರು, ಅವ್ರು ಈ ಹುಡ್ಗನ್ನ ಮನೇಲಿ ಕೂರಿಸ್ಕೊಂಡು ಜಾಜ್ ಡ್ರಮ್ಮಿನ ಲಯ ಕೇಳಿಸ್ತಿದ್ರು, ಆ ಲಯ ಮಾತಲ್ಲಿ ಹೇಗೆ ತರೋದು ಅಂತ ಹೇಳ್ಕೊಡ್ತಿದ್ರು. ಬಿಗ್ಗಿ ಹಾಡಲ್ಲಿ ಮಾತು ತಾಳಕ್ಕಿಂತ ಚೂರು ಹಿಂದೆ ಸರಿದು ನಿಂತು ಮತ್ತೆ ಸೇರ್ಕೊಳ್ಳುತ್ತಲ್ಲ, ಆ ಪಾಠ ನೆನಪಾಗುತ್ತೆ. ಯಾವ ಸಂಬಳವೂ ಇಲ್ದೇ ಮಾಡಿದ ಮೇಷ್ಟ್ರಿಕೆ ಅದು.

ನಂಗೂ ಒಬ್ಬ ಮೇಷ್ಟ್ರು “ಎಮ್ಮೆ ಕಾಯೋಕೆ ಲಾಯಕ್ಕು ನೀನು” ಅಂದಿದ್ರು, ಮನೆಪಾಠದವ್ರು. ಈಗ್ಲೂ ಅವ್ರ ಧ್ವನಿ ಹಾಗ್ಹಾಗೇ ನೆನಪಿದೆ. ಆ ಪದ್ಯ ತಿದ್ದಿಕೊಟ್ಟ ಲೈಬ್ರರಿಯವ್ರ ಧ್ವನಿ ಮಾತ್ರ ಎಷ್ಟು ಪ್ರಯತ್ನಪಟ್ರೂ ನೆನಪಾಗಲ್ಲ. ಅದಕ್ಕೇ ಆ ಹುಡ್ಗ ಯಾರಿಗೆ ಅರ್ಪಣೆ ಮಾಡಿದ ಅನ್ನೋದು ನಂಗೆ ಆಶ್ಚರ್ಯ ತರ್ಸಲ್ಲ. ನೀವು ಆ ಥರದ ಮೇಷ್ಟ್ರಲ್ಲ, ಆಗಿದ್ರೆ ಮೊಮ್ಮಗ ಏನು ಕೇಳ್ತಾನೆ ಅಂತ ತಲೆ ಕೆಡಿಸ್ಕೊಂಡು ಕೈಯಲ್ಲಿ ನಾಲ್ಕು ಪುಟ ಬರೀತಿರ್ಲಿಲ್ಲ.

1997ರ ಮಾರ್ಚ್ 9ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಬಿಗ್ಗಿಗೆ ಗುಂಡು ಹೊಡೆದ್ರು, ಇಪ್ಪತ್ನಾಲ್ಕೇ ವರ್ಷ. ತಾಯಿ ಆಮೇಲೂ ಎಷ್ಟೋ ವರ್ಷ ಇದ್ರು, 2025ರ ಫೆಬ್ರವರೀಲಿ ತೀರ್ಕೊಂಡ್ರು. ಅಷ್ಟು ವರ್ಷ ಮಗನ ಹೆಸ್ರು ಉಳಿಸಿದ್ದು ಆಯಮ್ಮನೇ.

ಮುಂದಿನ ಸಂಚಿಕೆಯಿಂದ ಹೊಸಬರ ಪುಟ ಮತ್ತೆ ಶುರು ಮಾಡ್ತಿದೀನಿ. ಮೊಮ್ಮಗ ಬರೀ ಕೇಳ್ತಾನಾ, ಏನಾದ್ರೂ ಬರೀತಾನಾ ಅಂತ ವಿಚಾರಿಸಿ. ಬರೀತಿದ್ರೆ ಕಳ್ಸಿ, ನೋಟ್‌ಬುಕ್ ಹಾಳೇಲಿದ್ರೂ ಆಗುತ್ತೆ, ಫೋನಲ್ಲಿ ಹಾಡಿ ರೆಕಾರ್ಡ್ ಮಾಡಿದ್ರೂ ಆಗುತ್ತೆ. ಕಾಗುಣಿತ ನೀವು ತಿದ್ದಬೇಡಿ, ಅದನ್ನ ನಾನು ನೋಡ್ಕೋತೀನಿ.