ಬ್ರಿಟನ್ ನೌಕಾಪಡೆಯ ಮೊದಲ ಸಬ್‌ಮರೀನ್‌ಗಳು ಯಾವುವು?

ಹಾಲೆಂಡ್ ವರ್ಗದ ಐದು ಸಬ್‌ಮರೀನ್‌ಗಳು. ಹೆಸರು ಕೇಳಿ ದೇಶ ಅಂದುಕೊಳ್ಳಬೇಡಿ, ಅದು ವಿನ್ಯಾಸ ಮಾಡಿದ ಐರ್ಲೆಂಡ್ ಮೂಲದ ಜಾನ್ ಹಾಲೆಂಡ್ ಹೆಸರು. ತಮಾಷೆ ನೋಡಿ, ಇವು ಬರುವುದಕ್ಕೂ ಸುಮಾರು 20 ವರ್ಷ ಮೊದಲು ಆತ ಬ್ರಿಟನ್ ವಿರುದ್ಧ ಬಳಸಲೆಂದೇ ಐರಿಷ್ ಬಂಡಾಯಗಾರರ ದುಡ್ಡಲ್ಲಿ ಸಬ್‌ಮರೀನ್ ಕಟ್ಟಿದ್ದ!

ಮೊದಲನೆಯದಾದ ಹಾಲೆಂಡ್ 1, 1901ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಬ್ಯಾರೋ ಊರಲ್ಲಿ ನೀರಿಗಿಳಿಯಿತು. ಉದ್ದ ಸುಮಾರು 19 ಮೀಟರ್, ಒಳಗೆ ಎಂಟು ಜನ, ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿಯುವ ಸ್ಫೋಟಕ) ಹಾರಿಸಲು ಒಂದೇ ಕೊಳವೆ. ನೀರಿನ ಮೇಲೆ ಪೆಟ್ರೋಲ್ ಎಂಜಿನ್, ಮುಳುಗಿದಾಗ ಬ್ಯಾಟರಿ ಮೋಟಾರ್. ವಿಷಗಾಳಿ ಜಾಸ್ತಿಯಾದರೆ ಗೊತ್ತಾಗಲಿ ಅಂತ ಪಂಜರದಲ್ಲಿ ಬಿಳಿ ಇಲಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಶೌಚಾಲಯ ಮಾತ್ರ ಇರಲಿಲ್ಲ!

1913ರಲ್ಲಿ ಅದನ್ನು 410 ಪೌಂಡಿಗೆ ಗುಜರಿಗೆ ಮಾರಿದರು. ಎಳೆದೊಯ್ಯುವಾಗ ದಾರಿಯಲ್ಲೇ ಮುಳುಗಿತು. 1982ರಲ್ಲಿ ಮೇಲೆತ್ತಿದರು. ಈಗ ಇಂಗ್ಲೆಂಡಿನ ಗೋಸ್‌ಪೋರ್ಟ್‌ನ ಸಬ್‌ಮರೀನ್ ಮ್ಯೂಸಿಯಂನಲ್ಲಿದೆ.