ಪಾಲಕರ ಸಭೆಯನ್ನು ಮಕ್ಕಳೇ ನಡೆಸಬಹುದು, ಆದರೆ ಭಾಷಣ ಬೇಡ

ನೀವು ಹುಬ್ಬಳ್ಳಿಯ ಖಾಸಗಿ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಶಿಕ್ಷಕರು. ಈ ಸಲದ ಪಾಲಕರ ಸಭೆಯನ್ನು ಮಕ್ಕಳೇ ನಡೆಸಬೇಕು, ಅದೂ ಇಂಗ್ಲಿಷಿನಲ್ಲಿ ಎಂದು ಮುಖ್ಯಾಧ್ಯಾಪಕರು ಹೇಳಿದ್ದಾರೆ. ಪಾಲಕರಲ್ಲಿ ಬಹಳ ಜನ ಓದಿದವರಲ್ಲ. ಇದರಿಂದ ಉಪಯೋಗವಿದೆಯೇ, ಇಲ್ಲವೇ ಇದೂ ಒಂದು ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ) ಕಾರ್ಯಕ್ರಮವೇ ಎಂದು ಕೇಳಿದ್ದೀರಿ.

ನಾನು ರೋಣ ತಾಲ್ಲೂಕಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳಿಂದ ಈ ಪದ್ಧತಿಯನ್ನು ನಡೆಸುತ್ತಿದ್ದೇನೆ. ಉಪಯೋಗ ಖಂಡಿತ ಇದೆ. ಓದು ಬಾರದ ಪಾಲಕರಿಗೇ ಅದು ಹೆಚ್ಚು. ಇಂಗ್ಲಿಷಿನಲ್ಲಿ ಮಾಡಿಸಿದರೆ ಮಾತ್ರ ನಿಮ್ಮ ಅನುಮಾನವೇ ನಿಜವಾಗುತ್ತದೆ.

ನಮ್ಮ ಮಾಮೂಲಿ ಸಭೆ ನಿಮಗೂ ಗೊತ್ತು. ‘ಹುಡುಗ ಜಾಣ, ಲಕ್ಷ್ಯ ಕೊಡುವುದಿಲ್ಲ’ ಎಂದು ನಾವು ಹೇಳುತ್ತೇವೆ. ‘ನಾಲ್ಕು ಬಾರಿಸಿ ಅಕ್ಕೋರೇ’ ಎಂದು ತಂದೆ ಹೇಳುತ್ತಾನೆ. ಸಹಿಯಾಗುತ್ತದೆ, ಚಹಾ ಆಗುತ್ತದೆ. ಯಾರ ವಿಷಯ ಮಾತಾಡಿದೆವೋ ಅವನು ಅಷ್ಟು ಹೊತ್ತೂ ಬಾಗಿಲಾಚೆ ನಿಂತಿರುತ್ತಾನೆ. ಸರಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮದಲ್ಲಿ ಉತ್ತರಪತ್ರಿಕೆಗಳನ್ನು ಪಾಲಕರ ಮುಂದಿಡುತ್ತೇವೆ. ಒಳ್ಳೆಯ ಕ್ರಮವೇ. ಆದರೆ ಅಕ್ಷರ ಬಾರದ ತಾಯಿ ಆ ಹಾಳೆಯಲ್ಲಿ ಕೆಂಪು ಶಾಯಿಯ ಅಂಕಿಯನ್ನು ಬಿಟ್ಟು ಇನ್ನೇನನ್ನು ನೋಡಬೇಕು? ಹಾಳೆಯನ್ನು ಬರೆದವನೇ ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದರೆ ಮಾತ್ರ ಅವಳಿಗೆ ಅದರಲ್ಲಿ ಪಾಲು ಸಿಗುತ್ತದೆ.

ಮಗು ಮೂರು ಕೆಲಸಗಳನ್ನು ತಾನೇ ಆರಿಸಿಕೊಂಡು ಬರಬೇಕು, ಅದರಲ್ಲಿ ಒಂದು ತಪ್ಪಾಗಿದ್ದ ಲೆಕ್ಕವೋ ಉತ್ತರವೋ ಆಗಿರಬೇಕು ಎಂಬುದೊಂದೇ ನನ್ನ ಕಟ್ಟಪ್ಪಣೆ. ಅಂದದ ಅಕ್ಷರದ ಪುಟಗಳನ್ನಷ್ಟೇ ತಂದರೆ ವಾಪಸು ಕಳಿಸುತ್ತೇನೆ. ಸಭೆಯ ಹಿಂದಿನ ವಾರ ಮಕ್ಕಳು ಜೋಡಿಯಾಗಿ ಕುಳಿತು ಒಬ್ಬರಿಗೊಬ್ಬರು ಹೇಳಿ ನೋಡುತ್ತಾರೆ. ಬರೆದುಕೊಂಡು ಬಾಯಿಪಾಠ ಮಾಡಲು ಬಿಡುವುದಿಲ್ಲ. ಬಾಯಿಪಾಠವಾದರೆ ನಡುವೆ ಒಂದು ಪ್ರಶ್ನೆ ಬಂದರೂ ಮಗು ಮೊದಲಿನಿಂದ ಶುರು ಮಾಡುತ್ತದೆ. ಪಾಲಕರಿಗೂ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತೇನೆ: ಯಾವುದು ಮೊದಲು ಬರುತ್ತಿರಲಿಲ್ಲ, ಈಗ ಬರುತ್ತದೆ ಎಂದು ಕೇಳಿ, ‘ಮಾಡಿ ತೋರಿಸು’ ಎನ್ನಿ, ಇನ್ನೂ ಯಾವುದು ಬರುತ್ತಿಲ್ಲ ಎಂದು ಕೇಳಿ. ಪರೀಕ್ಷಕರಾಗಲು ಅಷ್ಟು ಸಾಕು, ಸಾಕ್ಷರತೆ ಬೇಕಿಲ್ಲ.

ಒಂದು ಉದಾಹರಣೆ ಹೇಳಲೇಬೇಕು. 2.20 ಮತ್ತು 2.5, ಇವುಗಳಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಒಬ್ಬ ಹುಡುಗಿ 2.20 ಎಂದು ಬರೆದಿದ್ದಳು. ಸಭೆಯಲ್ಲಿ ಅದನ್ನೇ ತೆಗೆದು, ‘ಐದಕ್ಕಿಂತ ಇಪ್ಪತ್ತು ದೊಡ್ಡದೆಂದು ತಿಳಿದಿದ್ದೆ, ಅದು ತಪ್ಪು, 2.5 ದೊಡ್ಡದು’ ಎಂದು ತಂದೆಗೆ ವಿವರಿಸಿದಳು. ಆತ ರೈತ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಆದರೆ ಅಂಕಿ ಗೊತ್ತು. ‘ಎರಡೂ ಒಂದೇ ಅಲ್ಲವೇನವ್ವಾ? ನಮ್ಮ ಪಹಣಿಯಲ್ಲಿ 2.20 ಎಂದಿದೆ. ಹೊಲ ಎರಡೂವರೆ ಎಕರೆ’ ಎಂದ. ಪಹಣಿಯಲ್ಲಿ ಚುಕ್ಕೆಯ ಮುಂದೆ ಇರುವುದು ಗುಂಟೆ, ಎಕರೆಗೆ ನಲವತ್ತು. ಆತನ ಮಾತು ಪೂರ್ತಿ ಸರಿ. ಪುಸ್ತಕವೂ ಸರಿ. ಹುಡುಗಿ ತಬ್ಬಿಬ್ಬಾದಳು. ನಾನು ಬಾಯಿ ಹಾಕಲಿಲ್ಲ (ಈ ಇಡೀ ಪದ್ಧತಿಯಲ್ಲಿ ಶಿಕ್ಷಕರಿಗೆ ಅತಿ ಕಷ್ಟದ ಕೆಲಸ ಇದೇ). ಸ್ವಲ್ಪ ಹೊತ್ತಿನ ಮೇಲೆ ಅವಳೇ, ‘ಅಪ್ಪಾ, ಅದು ನಲವತ್ತರ ಲೆಕ್ಕ, ಇದು ಹತ್ತರ ಲೆಕ್ಕ’ ಎಂದಳು. ದಶಮಾಂಶಕ್ಕೆ ಇದಕ್ಕಿಂತ ಚೊಕ್ಕ ವಿವರಣೆ ನನ್ನ ಬಳಿ ಇರಲಿಲ್ಲ. ಈಗ ಆ ಪಾಠಕ್ಕೆ ಪಹಣಿಯ ಪ್ರತಿಯನ್ನು ತರಗತಿಗೆ ಒಯ್ಯುತ್ತೇನೆ. ಶಿಕ್ಷಕರೇ ಮಾತಾಡುವ ಸಭೆಯಲ್ಲಿ ಆ ರೈತ ‘ಆಯಿತ್ರಿ’ ಎಂದು ಎದ್ದು ಹೋಗುತ್ತಿದ್ದ.

ಅಪಾಯವೂ ಇದೆ. ಮಗು ತನ್ನ ತಪ್ಪನ್ನು ತಾನೇ ಹೇಳಿಕೊಂಡು ಮನೆಯಲ್ಲಿ ಏಟು ತಿನ್ನಬಾರದು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ, ಆದರೆ ಅದು ಮನೆಯ ಹೊಸ್ತಿಲು ದಾಟುವುದಿಲ್ಲ. ಯಾವ ಮನೆಯಲ್ಲಿ ಕೈ ಮುಂದು ಎಂದು ನಿಮಗೆ ತಿಳಿದಿರುತ್ತದೆ. ಆ ಮಗುವಿನ ಪಕ್ಕದಲ್ಲಿ ನೀವು ಕುಳಿತಿರಿ. ಗೈರುಹಾಜರಿ, ಆರೋಗ್ಯ, ಶುಲ್ಕ, ಮನೆಯ ಜಗಳ ಇವನ್ನೆಲ್ಲ ಮಗುವಿನ ಎದುರು ತೆಗೆಯಬೇಡಿ. ಅವಕ್ಕೆ ಪಾಲಕರೊಂದಿಗೆ ಬೇರೆಯಾಗಿ ಐದು ನಿಮಿಷ ಇಟ್ಟುಕೊಳ್ಳಿ. ದುಡಿಯಲು ಗೋವಾಕ್ಕೆ ಹೋದವರ ಮಕ್ಕಳ ಎದುರು ಅಜ್ಜಿ ಕುಳಿತರೂ ಆದೀತು. ನಮ್ಮಲ್ಲಿ ಬಿಸಿಯೂಟದ ಅಡುಗೆಯವರು ಕುಳಿತದ್ದುಂಟು, ಅವರ ಪ್ರಶ್ನೆಗಳು ಬಲು ಖಡಕ್.

ಸಮಯದ ಚಿಂತೆ ಬೇಡ. ಒಮ್ಮೆಗೆ ಐದು ಕುಟುಂಬಗಳು ಒಂದೊಂದು ಮೂಲೆ ಹಿಡಿದರೆ, ತಲಾ ಇಪ್ಪತ್ತು ನಿಮಿಷದಂತೆ 30 ಮಕ್ಕಳ ತರಗತಿ ಎರಡು ಗಂಟೆಗೆ ಮುಗಿಯುತ್ತದೆ. ದಿನವನ್ನು ಮಾತ್ರ ನೋಡಿ ಇಡಿ. ನಮ್ಮಲ್ಲಿ ಹೆಸರುಕಾಳಿನ ಕಟಾವಿನ ಹೊತ್ತಿನಲ್ಲಿ ಯಾರೂ ಬರುವುದಿಲ್ಲ. ಎತ್ತು ಹೂಡದ ಸೋಮವಾರ ಬರುತ್ತಾರೆ. ನಿಮ್ಮ ಪಾಲಕರು ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುವವರಾದರೆ ಅವರ ರಜೆಯ ದಿನವನ್ನೇ ಕೇಳಿ ತಿಳಿಯಿರಿ.

ಇನ್ನು ಇಂಗ್ಲಿಷಿನ ಮಾತು. ಅಮೆರಿಕದ ಅನೇಕ ಶಾಲೆಗಳಲ್ಲಿ ಈ ಪದ್ಧತಿ ದಶಕಗಳಿಂದ ಇದೆ. ಅಲ್ಲಿ ಮಗು ಇಂಗ್ಲಿಷಿನಲ್ಲಿ ಮಾತಾಡುವುದಕ್ಕೆ ಕಾರಣ ತಂದೆತಾಯಿಗೆ ಅದು ತಿಳಿಯುತ್ತದೆ ಎಂಬುದು. ನಮ್ಮ ಮಗು ತಿಳಿಯದ ಭಾಷೆಯಲ್ಲಿ ಪಟಪಟನೆ ಒಪ್ಪಿಸಿದರೆ ತಾಯಿ ಹಿಗ್ಗುತ್ತಾಳೆ, ಚಪ್ಪಾಳೆ ತಟ್ಟುತ್ತಾಳೆ, ಆದರೆ ಒಂದು ಪ್ರಶ್ನೆಯನ್ನೂ ಕೇಳಲಾರಳು. ಸಭೆ ಇರುವುದು ಭಾಷಣಕ್ಕಲ್ಲ, ಮಗು ತನ್ನ ಕಲಿಕೆಯನ್ನು ತಾನೇ ಅಳೆದು ಹೇಳುವುದಕ್ಕೆ ಎನ್ನಲು ಮುಖ್ಯಾಧ್ಯಾಪಕರಿಗೆ ಅಧಿಕೃತ ಆಧಾರ ಬೇಕೆಂದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ತೋರಿಸಿ: ಪ್ರಗತಿ ಪತ್ರದಲ್ಲಿ ಶಿಕ್ಷಕರ ಮೌಲ್ಯಮಾಪನದ ಜೊತೆಗೆ ಮಗುವಿನ ಸ್ವಮೌಲ್ಯಮಾಪನವೂ ಇರಬೇಕೆಂದು ಅದು ಹೇಳುತ್ತದೆ. ಅಷ್ಟಕ್ಕೂ ಒಪ್ಪದಿದ್ದರೆ ಇಂಗ್ಲಿಷಿನಲ್ಲಿ ಒಂದು ಸ್ವಾಗತದ ವಾಕ್ಯ ಹೇಳಿಸಿ, ಉಳಿದ ಹತ್ತೊಂಬತ್ತು ನಿಮಿಷ ಮನೆಮಾತಿಗೆ ಬಿಡಿ. ಅಂಕಪಟ್ಟಿಯನ್ನು ಆ ದಿನ ಕೊಡಲೇಬೇಡಿ. ಅದು ಕೈಗೆ ಬಂದರೆ ಮಗುವಿನ ಮಾತನ್ನು ಯಾರೂ ಕೇಳುವುದಿಲ್ಲ.